ನನ್ನ ಮೇ ಹನ್ನೆರಡು

ನಮ್ಮಮ್ಮ ಆಂಜಿನಮ್ಮನನ್ನು ಶಿಡ್ಲಘಟ್ಟದಲ್ಲಿ ಹೊಗಳದವರಿಲ್ಲ. ಹೊಗಳಲಿ, ಅವರಿಗೇನು? ಅವರವರ ಅಮ್ಮಂದಿರು ಅವರವರ ಮನೆಯಲ್ಲೇ ಇದ್ದರು. ನನ್ನಮ್ಮ ಮಾತ್ರ ಊರ ಮಕ್ಕಳಿಗೆಲ್ಲ ಅಮ್ಮ. ಅವಳು ನನಗೊಬ್ಬಳಿಗೇ ಬೇಕಿತ್ತು. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಹೊಟ್ಟೆಕಿಚ್ಚೇ.

ಅಪ್ಪ ಗಂಗುಲಪ್ಪ ನಾನು ಕೈಗೂಸಾಗಿದ್ದಾಗಲೇ ತೀರಿಕೊಂಡಿದ್ದ. ಅಮ್ಮ ಚೆನ್ನರಾಯಪ್ಪನವರ ರೇಷ್ಮೆ ನೂಲಿನ ಮನೆಯಲ್ಲಿ ಸುಡು ನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಎದುರಿಗೆ ಚರಕ ತಿರುಗಿಸಲು ಆರೇಳು ವರ್ಷದ ಮಕ್ಕಳು. ತಿರುಗಿಸಿ ತಿರುಗಿಸಿ ಅವು ಸಂಜೆಯಾಗುವ ಮೊದಲೇ ಕೂತಲ್ಲೇ ತೂಕಡಿಸುತ್ತಿದ್ದವು. 1953ರಲ್ಲಿ ಅಂಥದ್ದೇ ಒಂದು ತಬ್ಬಲಿ ಹುಡುಗಿ ಕೊಂಡಮ್ಮನನ್ನು ಅಮ್ಮ ಎಬ್ಬಿಸಿ ಮನೆಗೆ ಕರೆತಂದಳು. ಮರುದಿನ ಮೈತೊಳೆಸಿ ನಾನು ಓದುತ್ತಿದ್ದ ಶಾಲೆಗೆ ಸೇರಿಸಲು ಹೊರಟಳು. ಅದೂ ನನ್ನ ಲಂಗ ಹಾಕಿಸಿ!

ಆಗ ಜನನ ಪತ್ರ ಯಾರ ಹತ್ತಿರ ಇತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದರ್ಥ. ಕೊಂಡಮ್ಮನ ಕೈ ಎಟುಕಲಿಲ್ಲ.

"ಇನ್ನೂ ವಯಸ್ಸಾಗಿಲ್ಲ, ಕರ್ಕೊಂಡ್ ಹೋಗಮ್ಮ," ಅಂದರು ಹೆಡ್‌ಮಾಸ್ಟರ್ ವೆಂಕಟರವಣಪ್ಪನವರು.

"ಚರಕದ ಹಿಡಿ ಎಟುಕುತ್ತೆ, ಕಿವಿ ಎಟುಕಲ್ವಾ ಸ್ವಾಮಿ? ಹೊಟ್ಟೆಗಿಲ್ದೆ ಕೈ ಬೆಳ್ದಿಲ್ಲ. ಅದಕ್ಕೆ ಕೂಸೇನ್ ಮಾಡ್ತದೆ?"

ಸೇರಿಸಿಕೊಳ್ಳುವವರೆಗೆ ಏಳಲ್ಲ ಅಂತ ಅಮ್ಮ ಶಾಲೆಯ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಮೇಷ್ಟ್ರು ಸೋತು ರಿಜಿಸ್ಟರ್ ತೆಗೆದರು. ಇಡೀ ಕ್ಲಾಸು ನನ್ನ ಮುಖ ನೋಡಿತು. ನನಗೆ ಹೆಮ್ಮೆಯಾಗಬೇಕಿತ್ತು, ಆದರೆ ನನ್ನ ಕಣ್ಣೆಲ್ಲ ಆ ಲಂಗದ ಮೇಲಿತ್ತು.

ಅಲ್ಲಿಂದ ಅಮ್ಮ ನಿಲ್ಲಲೇ ಇಲ್ಲ. ಚೆನ್ನರಾಯಪ್ಪನವರು ಕೆಲಸದಿಂದ ಬಿಡಿಸಿದರು. ಕೂಲಿನಾಲಿ ಮಾಡಿಕೊಂಡೇ ಮನೆಮನೆ ತಿರುಗಿ ಮಕ್ಕಳನ್ನು ಚರಕದಿಂದ ಎಬ್ಬಿಸಿದಳು. ಹಾಸ್ಟೆಲಿನಲ್ಲಿ ಜಾಗ ಕೇಳಿ ಚಿಂತಾಮಣಿಯ ಕಚೇರಿ ಮುಂದೆ ದಿನಗಟ್ಟಲೆ ಕೂತಳು. ನನಗೆ ಜ್ವರ ಬಂದಿದ್ದಾಗ ಅವಳು ಯಾರದೋ ಮಗುವಿಗಾಗಿ ಕೈವಾರಕ್ಕೆ ಹೋಗಿದ್ದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಅವಳು ಪೂರಾ ನನ್ನವಳು. ಅಮ್ಮ ಎರಡು ಕೂಸು ಕಳೆದುಕೊಂಡ ಮೇಲೆ ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹುಟ್ಟಿದ್ದೆ. ಅಲ್ಲಿನ ನರ್ಸಮ್ಮ ಹೇಳಿದ ತಾರೀಕನ್ನು ಓದು ಬಾರದ ಅಮ್ಮ ಬಾಯಿಪಾಠ ಮಾಡಿಕೊಂಡಿದ್ದಳು. ಮೇ ಹನ್ನೆರಡು. ಆವತ್ತು ಕೂಲಿಗೆ ಹೋಗದೆ ನನ್ನ ತಲೆಗೆ ಎಣ್ಣೆ ಒತ್ತಿ, ನೀರು ಹಾಕಿ, ಬೆಲ್ಲದ ಪಾಯಸ ಮಾಡುತ್ತಿದ್ದಳು. ಯಾವ ಮಗು ಬಾಗಿಲಿಗೆ ಬಂದರೂ "ನಾಳೆ ಬಾರಮ್ಮ" ಅನ್ನುತ್ತಿದ್ದಳು. ಆ ಮಾತು ಕೇಳಲೆಂದೇ ನಾನು ವರ್ಷವೆಲ್ಲ ಕಾಯುತ್ತಿದ್ದೆ.

1963ರಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಲು ಹಳೇ ಶಾಲೆಯಿಂದ ಒಂದು ಪತ್ರ ಬೇಕಾಯಿತು. ವೆಂಕಟರವಣಪ್ಪನವರು ನಗುತ್ತಾ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

"ನೋಡಮ್ಮ ಅನಸೂಯ, ನಿನ್ ದಿನಾನೇ ಹುಟ್ಟಿದೋರು ಎಷ್ಟ್ ಜನ ಅವ್ರೆ!"

ಕೊಂಡಮ್ಮ, ಮೇ ಹನ್ನೆರಡು. ನಲ್ಲಪ್ಪ, ಮೇ ಹನ್ನೆರಡು. ಎರ್ರಪ್ಪ, ಮೇ ಹನ್ನೆರಡು. ಹಾಳೆ ತಿರುಗಿಸಿದಂತೆಲ್ಲ ಅದೇ. ಮೂವತ್ತೊಂದು ಮಕ್ಕಳು! ವರ್ಷ ಬೇರೆ ಬೇರೆ, ದಿನ ಮಾತ್ರ ನನ್ನದು.

"ತಾರೀಕು ಹೇಳು ಅಂದ್ರೆ ನಿಮ್ಮಮ್ಮ ಎಲ್ರಿಗೂ ಇದೇ ಹೇಳೋಳು. ನಾನೂ ಬರ್ಕೊಂಡೆ," ಅಂದರು ಮೇಷ್ಟ್ರು.

ಮನೆಗೆ ಬಂದು ಚೀಲ ಬಿಸಾಕಿದೆ. "ಲಂಗ ಕೊಟ್ಟೆ, ಅನ್ನ ಕೊಟ್ಟೆ, ನಿನ್ನನ್ನೇ ಕೊಟ್ಬಿಟ್ಟೆ. ನನ್ ಹುಟ್ಟಿದ ದಿನಾನೂ ಹಂಚ್ಬಿಟ್ಯಾ?"

ಅಮ್ಮ ಮೊರದಲ್ಲಿದ್ದ ರಾಗಿಯಿಂದ ತಲೆಯೆತ್ತಿದಳು. "ನಂಗೊತ್ತಿರೋ ತಾರೀಕು ಅದೊಂದೇ ಕಣಮ್ಮ. ಇನ್ನೊಂದು ಗೊತ್ತಿದ್ರೆ ಅದ್ನೇ ಕೊಡ್ತಿದ್ದೆ."

ಇದೂ ಒಂದು ಉತ್ತರವೇ? ಒಂದು ವಾರ ನಾನು ಅವಳನ್ನು ಮಾತಾಡಿಸಲಿಲ್ಲ. ಮುಂದಿನ ಮೇ ಹನ್ನೆರಡಕ್ಕೆ ಪಾಯಸವನ್ನೂ ಮುಟ್ಟಲಿಲ್ಲ. ಆಮೇಲೆ ಗೌರಿಬಿದನೂರಿನ ಹತ್ತಿರದ ಹಳ್ಳಿಯಲ್ಲಿ ಟೀಚರಾಗಿ ಹೊರಟುಹೋದೆ.

1966ರಲ್ಲಿ ಶಿಡ್ಲಘಟ್ಟದ ನನ್ನ ಹಳೇ ಶಾಲೆಗೆ ಒಬ್ಬ ಆಯಾ ಬೇಕಾಯಿತು. ಮಕ್ಕಳ ಜೊತೆಯಲ್ಲೇ ಇರಬಹುದು ಅಂತ ಅಮ್ಮನಿಗೆ ಎಲ್ಲಿಲ್ಲದ ಆಸೆ. ರಜೆಗೆ ಬಂದಿದ್ದ ನಾನೇ ಅರ್ಜಿ ತುಂಬಲು ಕೂತೆ. ಹೆಸರು ಬರೆದೆ, ಊರು ಬರೆದೆ. ಮುಂದಿನದು ಹುಟ್ಟಿದ ದಿನ.

"ಅಮ್ಮ, ನೀನ್ ಹುಟ್ಟಿದ್ದು ಯಾವಾಗ?"

ಅಮ್ಮ ನಕ್ಕಳು. "ಯಾರಿಗ್ ಗೊತ್ತು? ನಮ್ಮಮ್ಮ ಹೆತ್ತ ಒಂಬತ್ತರಲ್ಲಿ ನಾನೊಬ್ಳು. ಕಳೆ ಕೀಳೋ ಕಾಲ ಅಂತಿದ್ಲು. ಏನೋ ಒಂದು ಬರ್ಕೊ."

ನನ್ನ ಕೈ ನಿಂತಿತು. ಅವಳ ತಲೆಗೆ ಎಣ್ಣೆ ಒತ್ತಿದವರಿಲ್ಲ, ಪಾಯಸ ಮಾಡಿದವರಿಲ್ಲ. ಅವಳಿಗಾಗಿ ಇನ್ನೊಬ್ಬರ ಮಗುವಿಗೆ "ನಾಳೆ ಬಾರಮ್ಮ" ಅಂದವರೂ ಇಲ್ಲ. ಇಪ್ಪತ್ತೊಂದು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ತಲೆ ತಗ್ಗಿಸಿ ಬರೆದೆ.

"ಏನ್ ಬರ್ದೆ?"

"ಮೇ ಹನ್ನೆರಡು."

"ಅಯ್ಯೋ, ಅದು ನಿಂದಲ್ವೇನೇ?"

"ನಂದೇ. ನಿಂಗೆ ಕೊಟ್ಟಿದ್ದೀನಿ. ಬಾಯ್ಮುಚ್ಕೊಂಡು ಇಟ್ಕೊ, ಇನ್ ಯಾರಿಗಾದ್ರೂ ಕೊಟ್ಟೀಯ!"