ನಾನು ಅಳಿಸಿದ ಐವರು

ನಂಬದಿದ್ದರೆ ಬಿಡಿ, ನನಗೇನೂ ಬೇಜಾರಿಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ ನಾನೂ ನಗುತ್ತಿದ್ದವಳೇ. ಆದರೆ ಹೋದ ವರ್ಷ ಚಾಮರಾಜಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಇದು ನಡೆದದ್ದು ನಿಜ.

ನಾನು ಫ್ರೆಂಚ್ ಅನುವಾದಕಿ. ಪ್ಯಾರಿಸ್ ಪಕ್ಕದ, ಸೇನ್ ನದಿ ದಂಡೆಯ ಒಂದು ಪುಟ್ಟ ಊರಿನ ಚರಿತ್ರೆಯನ್ನು ಪ್ರವಾಸಿಗರಿಗಾಗಿ ಇಂಗ್ಲಿಷಿಗೆ ತರುತ್ತಿದ್ದೆ. ಭಾನುವಾರ ದೋಣಿ ವಿಹಾರಕ್ಕೆ ಬರುತ್ತಿದ್ದ ಪ್ಯಾರಿಸ್ಸಿನವರು, ದಂಡೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದವರು, ಆಮೇಲೆ ಬಂದ ರೈಲು, ಕಾರ್ಖಾನೆಗಳು... ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಗಳ ಮೇಲೆ ಗೆರೆ ಕೊರೆದಿಟ್ಟಿದ್ದಾರಂತೆ. ಓದುತ್ತಾ ಓದುತ್ತಾ ಆ ಊರಿನ ಮೇಲೆ ನನಗೆ ಪ್ರೀತಿಯೇ ಹುಟ್ಟಿತ್ತು.

ಒಂದು ಪ್ಯಾರಾ ಮಾತ್ರ ಹಿಡಿಸಲಿಲ್ಲ. ಊರವರ ಬಟ್ಟೆ ಒಗೆಯುತ್ತಿದ್ದ ಐವರು ಹೆಂಗಸರು ಪ್ರವಾಹದ ರಾತ್ರಿ ನೆಲಮಾಳಿಗೆಯಲ್ಲಿ ಮುಳುಗಿ ಸತ್ತಿದ್ದರು. ಬಟ್ಟೆ ಕಳುವಾದೀತೆಂದು ಯಜಮಾನ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದ. ನನ್ನ ಅನುವಾದ ಪದಮಿತಿ ಮೀರಿತ್ತು. ಪ್ರವಾಸಕ್ಕೆ ಬರುವವರಿಗೆ ಈ ಗೋಳೇಕೆ ಎಂದು ಆ ಪ್ಯಾರಾವನ್ನೇ ಅಳಿಸಿಬಿಟ್ಟೆ.

ಆಗಲೇ ಕರೆಂಟ್ ಹೋಯಿತು.

ಉಳಿದದ್ದು ಲ್ಯಾಪ್‌ಟಾಪ್ ಬೆಳಕೊಂದೇ. ಗಂಡ ಹಾಸನಕ್ಕೆ ಹೋಗಿದ್ದರು. ಆರು ವರ್ಷದ ಮಗಳು ಚಿನ್ನು ನನ್ನ ಕಾಲ ಬಳಿ ಚಾಪೆಯ ಮೇಲೆ ಮಲಗಿದ್ದಳು. ಮೇಣದಬತ್ತಿ ತರೋಣವೆಂದು ಎದ್ದರೆ ಕೋಣೆಯ ಬಾಗಿಲು ಜಗ್ಗಲಿಲ್ಲ. ಹೊರಗಿನಿಂದ ಚಿಲಕ ಬಿದ್ದಿತ್ತು... ಮನೆಯಲ್ಲಿ ಬೇರೆ ಯಾರೂ ಇಲ್ಲ!

ಮೂಗಿಗೆ ಸೋಪಿನ ವಾಸನೆ ಬಂತು, ಹಿಂದೆಯೇ ಕೆಸರಿನ ವಾಸನೆ. ಗೋಡೆಯಾಚೆ ಥಪ್... ಥಪ್... ಒದ್ದೆ ಬಟ್ಟೆ ಬಡಿಯುವ ಸದ್ದು. ಪಾದ ತಣ್ಣಗಾಯಿತು. ಮುಟ್ಟಿ ನೋಡಿದರೆ ನೀರಿಲ್ಲ. ಚಳಿ ಮಾತ್ರ ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು... ಮಗು ನೆಲದ ಮೇಲಿದೆಯಲ್ಲಾ! ಬಗ್ಗಿ ತಡಕಾಡಿದೆ. ಚಾಪೆ ಖಾಲಿಯಿತ್ತು.

“ಚಿನ್ನೂ! ಎಲ್ಲಿದ್ದೀಯೇ? ಅಂಕಲ್, ಬಾಗ್ಲು ತೆಗೀರಿ ಅಂಕಲ್!”

ಮಹಡಿಯಲ್ಲಿದ್ದ ಮನೆ ಓನರ್‌ಗೆ ಕೇಳಲಿ ಎಂದು ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಚಳಿ ಎದೆಗೆ ಬಂದು ಉಸಿರು ಕಟ್ಟಿತು.

ಯಾಕೆ ಹೊಳೆಯಿತೋ... ಲ್ಯಾಪ್‌ಟಾಪ್ ಹತ್ತಿರ ಹೋಗಿ ಅಳಿಸಿದ ಪ್ಯಾರಾವನ್ನು ವಾಪಸ್ ತಂದೆ. “ತಪ್ಪಾಯ್ತು ಕಣ್ರಮ್ಮ... ನನ್ನ ಮಗೂನ ಬಿಟ್ಬುಡಿ!”

ಚಿಲಕ ಸರಿದ ಸದ್ದಾಯಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಕರೆಂಟೂ ಬಂತು.

ಚಿನ್ನು ಸೂಟ್‌ಕೇಸ್ ಇಡುವ ಸಜ್ಜದ ಮೇಲೆ ಕೂತಿದ್ದಳು. ಸ್ಟೂಲ್ ಹತ್ತಿದರೂ ನನಗೇ ಎಟುಕದ ಎತ್ತರ ಅದು. ಓಡಿಹೋಗಿ ಓನರ್ ಅಂಕಲ್‌ರನ್ನು ಕರೆತಂದೆ. ಅವರೇ ಏಣಿ ತಂದು ಇಳಿಸಿದರು. ನನ್ನ ಕೂಗು ಅವರಿಗೆ ಕೇಳಿಸಿಯೇ ಇರಲಿಲ್ಲ.

“ಏನಮ್ಮಾ, ಇಷ್ಟೊತ್ನಲ್ಲಿ ಬಟ್ಟೆ ಒಗೀತಿದ್ರಾ? ಥಪ್ ಥಪ್ ಅಂತ ನಿದ್ದೇನೇ ಬರ್ಲಿಲ್ಲ ಕಣಮ್ಮ” ಎಂದು ಗೊಣಗಿಕೊಂಡು ಹೋದರು.

ಮಗಳನ್ನು ತಬ್ಬಿಕೊಂಡು ಕೇಳಿದೆ. “ಅಲ್ಲಿಗೆ ಯಾರು ಹತ್ಸಿದ್ರು ಪುಟ್ಟಾ?”

“ಆಂಟೀರು. ಕೈಯೆಲ್ಲಾ ತುಂಬಾ ತಣ್ಣಗಿತ್ತಮ್ಮ. ನಮ್ಮನ್ನ ಯಾರೂ ಮೇಲಕ್ಕೆ ಎತ್ಲಿಲ್ಲ, ನಿನ್ನಾದ್ರೂ ಎತ್ತತೀವಿ ಅಂದ್ರು.”

ಯಾವ ಭಾಷೆಯಲ್ಲಿ ಅಂದರು ಎಂದು ಅವಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ...