ಪಂಚಮಿಗೆ ಬಾರದ ಮಲ್ಲತ್ತಿ

ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಮತ್ತೆ ಮೂಗಿಗೆ ಬಂತು. ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನಾನು ಕೆಲಸ ಮಾಡುವ ಕೋಣೆಗೆ ಒಂದು ಮಧ್ಯಾಹ್ನ ಹಾಸ್ಟೆಲಿನ ಹುಡುಗಿಯೊಬ್ಬಳು ಗುರುತಿನ ಚೀಟಿ ಕಳೆದುಹೋಗಿದೆ ಎಂದು ಬಂದಳು. ಮೇಜಿನ ಮೇಲೆ ಬ್ಯಾಗು ಸುರುವಿ ಹುಡುಕುತ್ತಿದ್ದಾಗ ಬಾಚಣಿಗೆ, ಪೆನ್ನು, ಬಸ್ ಟಿಕೆಟ್ಟುಗಳ ನಡುವಿನಿಂದ ಕಾಗದದಲ್ಲಿ ಸುತ್ತಿದ ಬಿಳಿ ಬಿಲ್ಲೆಯೊಂದು ಉರುಳಿ ಬಂದು ನನ್ನ ಕೈಗೆ ತಾಗಿ ನಿಂತಿತು. ಹೊರಗೆ ತೊಗರಿ ಹೊಲಗಳ ಮೇಲೆ ಬಿಸಿಲು ಸುರಿಯುತ್ತಿತ್ತು. ಆ ಕಾವಿಗೆ ಮೆತ್ತಗಾಗಿದ್ದ ಬಿಲ್ಲೆಯಿಂದ ಕೊಬ್ಬರಿಯ, ಜೇನುಮೇಣದ ವಾಸನೆ ಎದ್ದು ಕೋಣೆಯ ತುಂಬ ಹರಡಿತು. "ಸೋಪಲ್ಲ ಮೇಡಂ ಅದು. ಅಲೆ ಮೇಲೆ ನಿಲ್ಲುವ ಬೋರ್ಡಿಗೆ ಉಜ್ಜುವ ಮೇಣ. ಕಾಲು ಜಾರಬಾರದಲ್ವಾ, ಅದಕ್ಕೆ," ಎಂದಳು ಹುಡುಗಿ. ನನಗೆ ಅದು ಗೊತ್ತಿತ್ತು. ಸಮುದ್ರವನ್ನೇ ಕಾಣದ ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಗೋಡೆಯ ಮಾಡದಲ್ಲಿ, ಇಂಥದೇ ಬಿಲ್ಲೆ ನಾಲ್ಕು ವರ್ಷ ಇತ್ತು.

ಮನೆ ಎಂದರೆ ಈಗಿನ ಕಾಲೊನಿಯ ಮನೆಯಲ್ಲ. ಅಫಜಲಪುರದಿಂದ ಭೀಮೆಯ ದಂಡೆಗೆ ಇಳಿಯುವ ಹಾದಿಯ ಕೊನೆಯಲ್ಲಿದ್ದ, ಮಣ್ಣಿನ ಮಾಳಿಗೆಯ ಮನೆ. ನಾವು ಅಂಬಿಗರು. ಅಪ್ಪನ ಅಪ್ಪ, ನಮ್ಮ ಮುತ್ಯಾ, ಹರಗೋಲು ಹಾಕಿ ಈ ದಂಡೆಯವರನ್ನು ಆ ದಂಡೆಗೆ ಮುಟ್ಟಿಸುತ್ತಿದ್ದ. ಅಂಗಳದಲ್ಲಿ ಯಾವಾಗಲೂ ಹರಗೋಲಿನ ತಳಕ್ಕೆ ಬಳಿಯುವ ಡಾಂಬರು ಕಾಯುತ್ತಿರುವ ವಾಸನೆ, ಹಸಿ ಬಿದಿರಿನ ವಾಸನೆ, ಅದರೊಳಗೇ ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿಯ ವಾಸನೆ. ಮಾತು ಕಲಿಯುವುದಕ್ಕೂ ಮೊದಲು ನಮ್ಮ ಮನೆಯ ಮಕ್ಕಳು ಈಜು ಕಲಿಯುತ್ತಿದ್ದರೆಂದು ಮುತ್ಯಾ ಎಲ್ಲರ ಮುಂದೆ ಹೇಳುತ್ತಿದ್ದ. ನಮ್ಮೆಲ್ಲರಿಗಿಂತ ಹೆಚ್ಚು ನೀರಿನಲ್ಲೇ ಇದ್ದವಳು ಅಪ್ಪನ ತಂಗಿ ಮಲ್ಲಮ್ಮ. ನಮಗೆ ಮಲ್ಲತ್ತಿ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಒಂದು ಕಡೆ ಬಂಡೆ ಹತ್ತಿ ಇಳಿಯುವಾಗ ಬೆನ್ನುಬ್ಬಿಸಿ ನಿಲ್ಲುತ್ತಿತ್ತು. ಹರಗೋಲಿನಲ್ಲಿ ಜನ ಕೂಡುವ ಉದ್ದ ಹಲಗೆಯನ್ನು ಎಳೆದೊಯ್ದು, ಆ ಉಬ್ಬಿನ ಮೇಲೆ ಹಾಕಿ, ಅತ್ತಿ ಅದರ ಮೇಲೆ ನೆಟ್ಟಗೆ ನಿಂತುಬಿಡುತ್ತಿದ್ದಳಂತೆ. ಸೀರೆಯ ಕಚ್ಚೆ ಬಿಗಿದು, ಕೈ ಅಗಲಿಸಿ, ಕಾಲ ಕೆಳಗೆ ಇಡೀ ಹೊಳೆ ಓಡುತ್ತಿದ್ದರೂ ಇದ್ದಲ್ಲೇ ಇರುತ್ತಿದ್ದಳಂತೆ. ಆ ದಂಡೆಯ ಜನರೂ ನಿಂತು ನೋಡುತ್ತಿದ್ದರೆಂದು ಅವ್ವ ಹೇಳಿದ್ದನ್ನು ಕೇಳಿದ್ದೇನೆ. ಅಪ್ಪ ಆಗಲೇ ಒಮ್ಮೆ ಆ ಹಲಗೆಯನ್ನು ಕೊಡಲಿಯಿಂದ ಸೀಳಿದ್ದನೆಂದೂ ಅವ್ವನೇ ಹೇಳಿದಳು.

ಅತ್ತಿಯನ್ನು ಚೌಡಾಪುರದ ಒಬ್ಬ ಗೌಂಡಿಗೆ ಕೊಟ್ಟರು. ಕಟ್ಟಡದ ಕೆಲಸಕ್ಕೆಂದು ನಮ್ಮ ಕಡೆಯ ಎಷ್ಟೋ ಮಂದಿ ಘಟ್ಟ ಇಳಿದು ಹೋಗುವ ಹಾಗೆ ಗಂಡಹೆಂಡಿರು ಸಮುದ್ರದ ಸೀಮೆಗೆ ಹೋದರು. ಎರಡನೆಯ ವರ್ಷ ಮಾವ ಸಾರವೆಯಿಂದ ಬಿದ್ದು ಸತ್ತ. ಕರೆದುಕೊಂಡು ಬರಲು ಹೋದ ಅಪ್ಪನಿಗೆ, "ಮನ್ಯಾಗ ಕುಂತು ನಿಮ್ಮ ಮಾರಿ ನೋಡ್ಕೋತ ಇರಾಕ ನನ್ನ ಕೈಲಿ ಆಗಂಗಿಲ್ಲ ಅಣ್ಣಾ. ಇಲ್ಲೆ ದುಡೀತೇನಿ. ಪಂಚಮಿಗೆ ಬರ್ತೇನಿ," ಎಂದು ಹೇಳಿ ಕಳಿಸಿದಳು. ಅಲ್ಲಿ ಹೊಳೆಯೊಂದು ಸಮುದ್ರ ಸೇರುವ ಕಡೆ, ಅಲೆಯ ಮೇಲೆ ನಿಲ್ಲುವುದನ್ನು ಕಲಿಸುವ ಸರ್ಫಿಂಗ್ ಶಾಲೆಯೊಂದರ ಗೋಡೆ ಕಟ್ಟುವ ಕೆಲಸದಲ್ಲಿ ಅತ್ತಿ ಇದ್ದಳು. ಒಂದು ಬೆಳಿಗ್ಗೆ ಕಲಿಯಲು ಬಂದ ಹುಡುಗನನ್ನು ಸೆಳವು ಎಳೆದುಕೊಂಡು ಹೋಯಿತು. ಕಲಿಸುವವರು ದೂರದಲ್ಲಿದ್ದರು. ತಲೆಯ ಮೇಲಿದ್ದ ಸಿಮೆಂಟಿನ ಬುಟ್ಟಿ ಒಗೆದು, ಮರಳಲ್ಲಿ ಬಿದ್ದಿದ್ದ ಬೋರ್ಡೊಂದನ್ನು ಎದೆಗೊತ್ತಿಕೊಂಡು ಅತ್ತಿ ನೀರಿಗೆ ಬಿದ್ದಳು. ಹುಡುಗನನ್ನು ಅದರ ಮೇಲೆ ಅಡ್ಡ ಹಾಕಿಕೊಂಡು ದಡಕ್ಕೆ ತಂದಳು. ಶಾಲೆಯ ಯಜಮಾನ ಆಕೆಗೆ ಅಡುಗೆಮನೆಯಲ್ಲಿ ಕೆಲಸ ಕೊಟ್ಟ. ಬೆಳಗಿನ ಉಪ್ಪಿಟ್ಟು ಆದ ಮೇಲೆ ಒಂದು ತಾಸು ಹಳೆಯ ಬೋರ್ಡು ತೆಗೆದುಕೊಂಡು ಹೋಗಲು ಬಿಟ್ಟ. ಇದನ್ನೆಲ್ಲ ಅತ್ತಿ ನಗುತ್ತ ಹೇಳಿದ್ದು, ಮುಂದಿನ ಪಂಚಮಿಗೆ ಬಂದಾಗ.

ಪಂಚಮಿಗೆ ಮನೆಯ ಹೆಣ್ಣುಮಕ್ಕಳು ತವರಿಗೆ ಬರುವ ಸುಖವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇವಿನ ಮರಕ್ಕೆ ಜೋಕಾಲಿ, ಹುರಿದ ಎಳ್ಳು, ಶೇಂಗಾ, ಬೆಲ್ಲದ ಪಾಕ, ಅಡುಗೆಮನೆಯಲ್ಲಿ ಉಂಡಿ ಕಟ್ಟುವ ಕೈಗಳ ಸಪ್ಪಳ, ಯಾರೂ ಯಾರಿಗೂ ಬೈಯದ ನಾಲ್ಕು ದಿನ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಅತ್ತಿ ಇದ್ದಿರಬಹುದು, ಆಕೆ ಬಸ್ಸಿನಿಂದ ಇಳಿದ ಮೇಲೆಯೇ ಹಬ್ಬ ಸುರುವಾಗುತ್ತಿದ್ದಿರಬಹುದು. ಮಲ್ಲತ್ತಿ ನಮಗೆ ಕಪ್ಪೆಚಿಪ್ಪು ತರುತ್ತಿದ್ದಳು, ಒಣಮೀನು ತರುತ್ತಿದ್ದಳು, ಒಮ್ಮೆ ಆ ಮೇಣದ ಬಿಲ್ಲೆ ತಂದಳು. ಬಿಸಿಲಿಗೆ ಕರ್ರಗಾದ ಮೈ, ಉಪ್ಪಿಗೆ ಕೆಂಚಾದ ತಲೆಗೂದಲು, ಮಾವ ಸತ್ತ ಮೇಲೆ ಮತ್ತೆ ತುಂಬಿಕೊಂಡಿದ್ದ ಕೆನ್ನೆ. ಅಪ್ಪ ಹೊರಗೆ ಹೋದ ಹೊತ್ತು ನೋಡಿ ನನ್ನನ್ನು ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಬೋರಲು ಮಲಗಿಸುತ್ತಿದ್ದಳು. ಎರಡೂ ಅಂಗೈ ಎದೆಯ ಪಕ್ಕ ಊರಿ, ಒಂದೇ ನೆಗೆತಕ್ಕೆ ಎರಡೂ ಕಾಲ ಮೇಲೆ ಎದ್ದು ನಿಲ್ಲಬೇಕು. ನಾನು ಮತ್ತೆ ಮತ್ತೆ ಮಗುಚಿ ಬೀಳುತ್ತಿದ್ದೆ. "ನೀರಿನ ಸಂಗಟ ಜಗಳಾಡಬ್ಯಾಡ ಬೇ. ಅದು ಎತ್ತಾಕತ್ತೇತಿ ಅಂತ ಬೆನ್ನಿಗಿ ಗೊತ್ತಾಗ್ತದ. ಆಗ ಎದ್ದು ನಿಂದ್ರು. ಮೊದಲ ಏಳಬ್ಯಾಡ, ಆಮ್ಯಾಲೂ ಏಳಬ್ಯಾಡ," ಎನ್ನುತ್ತಿದ್ದಳು. ಆ ಸೆಗಣಿ ಸಾರಿಸಿದ ನೆಲದ ತಂಪು ಇನ್ನೂ ನನ್ನ ಅಂಗೈಯಲ್ಲಿದೆ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಆ ದಡದಲ್ಲಿ ಮೊದಲ ಸಲ ಪಂದ್ಯ ಇಟ್ಟರು. ಹೆಂಗಸರಿಗೆ ಬೇರೆ ಪಂದ್ಯ ಇರಲಿಲ್ಲ. ಅತ್ತಿ ಗಂಡಸರ ಜೊತೆಗೇ ಇಳಿದು ಮೂರನೆಯವಳಾಗಿ ಬಂದಳು. ಪೇಪರಿನಲ್ಲಿ ಫೋಟೊ ಬಂತು. ಮೈಗಂಟಿದ ಕರಿ ಅಂಗಿ, ಮೊಣಕಾಲ ತನಕದ ಚಡ್ಡಿ, ಒದ್ದೆ ಕೂದಲು, ಬೋರ್ಡು ಹಿಡಿದು ಹಲ್ಲು ಬಿಟ್ಟು ನಗುತ್ತಿರುವ ನಮ್ಮ ಅತ್ತಿ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿ ಇಟ್ಟಿದ್ದ ಮೌಲಾ ಚಾಚಾ ಆ ಪೇಪರು ಹಿಡಿದುಕೊಂಡು ನಮ್ಮ ಮನೆಯವರೆಗೆ ನಡೆದು ಬಂದ. "ಶರಣಪ್ಪ, ಮುಬಾರಕ್ ನೋಡಪಾ. ನಮ್ಮ ಹೊಳಿ ಹುಡುಗಿ ದರ್ಯಾ ಗೆದ್ದಾಳ, ಸಮುದ್ರಾ ಗೆದ್ದಾಳ," ಎಂದು ಅಪ್ಪನ ಕೈಗೆ ಕೊಟ್ಟ. ಅಪ್ಪ ಪೇಪರನ್ನು ಮಡಚಿದ. ಇನ್ನೊಮ್ಮೆ ಮಡಚಿದ. ಅಂಗೈಯಷ್ಟಾಗುವ ತನಕ ಮಡಚಿ, "ಚಾಚಾ, ಇದನ್ನ ಮತ್ತ ಯಾರಿಗೂ ತೋರಿಸಬ್ಯಾಡ್ರಿ," ಎಂದ. ಜೇವರ್ಗಿಯ ಕಡೆಯವರು ಆಗಷ್ಟೇ ನಮ್ಮ ಅಕ್ಕನನ್ನು ನೋಡಿಕೊಂಡು ಹೋಗಿದ್ದರು, ಇನ್ನೂ ಮಾತು ಕೊಟ್ಟಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಂಚಮಿಗೆ ಹದಿನೈದು ದಿನ ಇದ್ದಾಗ ಒಂದು ಸಂಜೆ ಅಪ್ಪ ನನ್ನನ್ನು ಕರೆದು ಕೂಡಿಸಿದ. ನನ್ನ ಅಕ್ಷರ ಚೆಂದ ಎಂದು ಸಾಲೆಯಲ್ಲಿ ಬಹುಮಾನ ಬಂದಿತ್ತು. "ಬರಿ. ನಾವೆಲ್ಲ ಆರಾಮ ಅದೇವಿ. ಈ ವರ್ಷ ಪಂಚಮಿಗೆ ನೀ ಬರಬ್ಯಾಡ. ಮುಂದೂ ಬರಬ್ಯಾಡ. ನಮ್ಮ ಮನ್ಯಾಗ ಹೆಣ್ಣುಮಕ್ಕಳು ಅದಾವ." ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಇದೊಂದು ಹಬ್ಬ ಬಂದು ಹೋಗ್ಲಿ ರೀ. ನಾನೇ ಬಾಯಿಲೆ ಹೇಳ್ತೇನಿ," ಎಂದಳು. ಅಪ್ಪ ಆಕೆಯತ್ತ ತಿರುಗಿಯೂ ನೋಡಲಿಲ್ಲ. ನಾನು ಬರೆದೆ. ಹೇಗೆ ಬರೆದೆನೆಂದರೆ, ಸಾಲೆಯಲ್ಲಿ ಪತ್ರಲೇಖನದ ಪಾಠ ಆಗಿತ್ತಲ್ಲ, ಬಲಗಡೆ ಊರು, ತಾರೀಖು ಹಾಕಿದೆ. ಮಾತೃಶ್ರೀ ಸಮಾನರಾದ ಅತ್ತೆಯವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು ಎಂದು ಸುರುಮಾಡಿದೆ. ಅಪ್ಪನ ಮಾತನ್ನು ಪುಸ್ತಕದ ಭಾಷೆಗೆ ತಿದ್ದಿ, "ಮುಂದೆಯೂ ಬರುವುದು ಬೇಡ" ಎಂದು ಒಂದೂ ಚಿತ್ತುಕಾಟು ಇಲ್ಲದೆ ಬರೆದೆ. ಬರೆದು ಮುಗಿಸಿ ದೂರ ಹಿಡಿದು ನೋಡಿದಾಗ ನನಗೆ ಹೆಮ್ಮೆಯಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅಳು ಬರಲಿಲ್ಲ, ಹೆಮ್ಮೆಯಾಯಿತು.

ಅತ್ತಿ ಬರಲಿಲ್ಲ. ಆ ವರ್ಷ ಬಸ್ಸು ಬಂದು ನಿಂತ ಸಪ್ಪಳವಾದಾಗಲೆಲ್ಲ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಒಳಗೆ ಹೋಗುತ್ತಿದ್ದಳು. ಅಕ್ಕನ ಮದುವೆ ಜೇವರ್ಗಿಯಲ್ಲಿ ಆಯಿತು, ಅತ್ತಿಯನ್ನು ಯಾರೂ ಕೇಳಲಿಲ್ಲ. ಎಷ್ಟೋ ದಿನಗಳಾದ ಮೇಲೆ ಒಮ್ಮೆ ಭಾವನನ್ನು, ಆ ಫೋಟೊ ನೋಡಿದ್ದಿರೇನು ಎಂದು ಕೇಳಿದೆ. "ಯಾವ ಫೋಟೊ? ನಮ್ಮ ಮನಿಗಿ ಪೇಪರ ಎಲ್ಲಿ ಬರ್ತಿತ್ತು?" ಎಂದ. ಅಷ್ಟರಲ್ಲಿ ಹೊಳೆಗೆ ಕಟ್ಟಿದ ಬ್ಯಾರೇಜಿನ ಹಿನ್ನೀರು ಏರಿ ನಮ್ಮ ದಂಡೆಯ ಮನೆಗೆ ಬಂದಿತ್ತು. ಬಾಗಿಲು, ತೊಲೆ ಕಿತ್ತುಕೊಂಡು ಕಾಲೊನಿಗೆ ಬಂದೆವು. ಮುತ್ಯಾ ಅಲ್ಲಿಗೆ ಬಂದು ಒಂದು ಬೇಸಿಗೆಯಷ್ಟೇ ಬದುಕಿದ. ಹರಗೋಲನ್ನು ಬೋರಲು ಹಾಕಿ ಅದರ ಮೇಲೆ ಸೆಗಣಿ ಕುಳ್ಳು ಒಣಗಿಸಿದರು. ನಾನು ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದಾಗ, ಅತ್ತಿ ಕಾಮಾಲೆಯಾಗಿ ಸತ್ತಳೆಂಬ ಸುದ್ದಿಯನ್ನು ಊರಿನ ಗೌಂಡಿಯೊಬ್ಬ ತಂದ. ಅಪ್ಪ ತಲೆಯ ಮೇಲೆ ನೀರು ಹಾಕಿಕೊಂಡ. "ಮಣ್ಣು ಆಗಿ ವಾರ ಆತಂತ. ಈಗ ಹೋಗಿ ಏನ್ ಮಾಡಾದು," ಎಂದು ಊಟಕ್ಕೆ ಕುಳಿತ.

ಗುರುತಿನ ಚೀಟಿ ಕಳೆದುಕೊಂಡು ನನ್ನ ಕೋಣೆಗೆ ಬಂದಿದ್ದ ಹುಡುಗಿ ಸೌಮ್ಯ, ಅತ್ತಿ ಇದ್ದ ಅದೇ ಸಮುದ್ರದ ದಡದ ಮೀನುಗಾರರ ಮನೆಯವಳು. ನಾನು ಅಂದು ಅಂಜುತ್ತಲೇ, ಮಲ್ಲಮ್ಮ ಎಂಬವರು ಅಲ್ಲಿದ್ದರೇನು ಎಂದು ಕೇಳಿದೆ. ಆ ಹೆಸರು ಆಕೆಗೆ ಗೊತ್ತಿರಲಿಲ್ಲ. ನಿಮ್ಮ ಕಡೆಯವರು ಒಬ್ಬರಿದ್ದರು, ಮಾತೆತ್ತಿದರೆ ಭೀಮಾ ಹೊಳೆ ಎನ್ನುತ್ತಿದ್ದರು, ನಾವೆಲ್ಲ ಭೀಮಕ್ಕ ಅಂತಲೇ ಕರೆಯುತ್ತಿದ್ದೆವು ಎಂದಳು. ರಜೆಯಲ್ಲಿ ಆಕೆಯ ಜೊತೆ ನಾನೂ ಘಟ್ಟ ಇಳಿದೆ. ಸಮುದ್ರದ ಮೇಲೆ ದಿನವೂ ದೋಣಿ ಹೋಗುವ ಆ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ನೀರಿಗೆ ಬಿಡುತ್ತಿರಲಿಲ್ಲವಂತೆ. ಅತ್ತಿ ಮನೆಮನೆಗೆ ಹೋಗಿ, ತಾಯಂದಿರ ಜೊತೆ ಮೀನು ಹೆಚ್ಚುತ್ತ ಕುಳಿತು, ಒಬ್ಬೊಬ್ಬಳನ್ನೇ ಬಿಡಿಸಿಕೊಂಡು ಬಂದಳಂತೆ. ಹಾಗೆ ಹನ್ನೊಂದು ಹುಡುಗಿಯರು. ಅವರಲ್ಲಿ ಸೌಮ್ಯಳ ಅಕ್ಕನೂ ಸೇರಿ ಇಬ್ಬರು ದೇಶದ ಪರವಾಗಿ ಪಂದ್ಯಗಳಿಗೆ ಹೋಗಿ ಬಂದಿದ್ದಾರೆ. ಅತ್ತಿ ಸತ್ತಾಗ ಆ ಹನ್ನೊಂದು ಮಂದಿ ಬೋರ್ಡುಗಳ ಮೇಲೆ ಅಲೆ ದಾಟಿ ಒಳಗೆ ಹೋಗಿ, ನೀರಿನ ಮೇಲೆ ದುಂಡಗೆ ಕುಳಿತು, ಒಬ್ಬರ ಕೈ ಒಬ್ಬರು ಹಿಡಿದು, ಹೂ ಬಿಟ್ಟರಂತೆ. ಸರ್ಫಿಂಗ್ ಮಾಡುವವರು ತಮ್ಮಲ್ಲಿ ಯಾರಾದರೂ ಹೋದರೆ ಎಲ್ಲ ದೇಶದಲ್ಲೂ ಹೀಗೇ ಮಾಡುತ್ತಾರಂತೆ. "ಅವರ ಮನೆಯವರು ಯಾರಾದ್ರೂ ಬರ್ತಾರೇನೋ ಅಂತ ಎರಡು ದಿನ ಕಾದದ್ದು ನಾವು. ಯಾರೂ ಬರಲಿಲ್ಲ. ನಿಮಗೆ ಅವರು ಏನಾಗ್ಬೇಕು?" ಎಂದು ಸೌಮ್ಯಳ ಅಕ್ಕ ಕೇಳಿದಳು. "ಒಂದೇ ಊರಿನವರು," ಎಂದೆ.

ಶಾಲೆಯ ಒಳಗೋಡೆಯ ಮೇಲೆ ಈ ದಡದಲ್ಲಿ ಸರ್ಫಿಂಗ್ ಬೆಳೆಸಿದವರ ಫೋಟೊಗಳಿದ್ದವು. ಏಳು ಗಂಡಸರು, ಒಬ್ಬೊಬ್ಬರ ಕೆಳಗೂ ಹೆಸರು, ಸಾಧನೆ. ಒಂದು ಫೋಟೊದ ಅಂಚಿನಲ್ಲಿ ಬೋರ್ಡು ಹಿಡಿದು ಅತ್ತಿ ನಿಂತಿದ್ದಳು. ಕೆಳಗೆ 'ಅಡುಗೆಯ ಸಹಾಯಕಿಯೊಂದಿಗೆ' ಎಂದಿತ್ತು. ಆಫೀಸಿನ ಹುಡುಗನಿಗೆ ಆಕೆಯ ಹೆಸರು, ಊರು ಹೇಳಿದೆ. ಆತ ಒಳ್ಳೆಯವನೇ, ಬರೆದುಕೊಂಡ, ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡೋಣ ಎಂದ. ಆದರೆ ಸೌಮ್ಯ ಮತ್ತು ಆಕೆಯ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ನಾನು ಹೇಳಿದ ಹೆಸರನ್ನೂ ಊರನ್ನೂ ಹಿಡಿದುಕೊಂಡು ಯಾರು ಯಾರಿಗೋ ಬರೆದರು. ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಮರೆತುಹೋದ ಸರ್ಫರ್‌ಗಳ ಬಗ್ಗೆ ವಿಡಿಯೊ ಮಾಡುವ ಇಬ್ಬರು ತರುಣರು ಕ್ಯಾಮೆರಾ ಹೊತ್ತು, ಊರಿನಲ್ಲಿ ಅವರಿವರನ್ನು ಕೇಳಿ, ಮಲ್ಲಮ್ಮನ ತವರೆಂದು ಕಾಲೊನಿಯ ನಮ್ಮ ಮನೆ ಹುಡುಕಿಕೊಂಡು ಬಂದರು. ಅಂದು ರವಿವಾರ, ನಾನೂ ಮನೆಯಲ್ಲಿದ್ದೆ.

ಅಪ್ಪ ಮಡಿಕೆ ಮುರಿಯದ ಧೋತರ ಉಟ್ಟು, ರುಮಾಲು ಸುತ್ತಿ, ಕುರ್ಚಿಯ ಮೇಲೆ ಕುಳಿತ. ಓಣಿಯ ಮಕ್ಕಳು ಕಟ್ಟೆಯ ಮೇಲೆ ನೆರೆದವು. ಅಪ್ಪ ಬಹಳ ಚೆನ್ನಾಗಿ ಮಾತಾಡಿದ. "ಆಕಿಗಿ ನೀರಿಗಿ ಇಳಿಸಿದಾಂವನೇ ನಾನ್ರಿ. ಹಲಗಿ ಮ್ಯಾಲ ನಿಂದ್ರಾಕ ಕಲಿಸಿದಾಂವನೂ ನಾನೇ. ಮಂದಿ ಏನರೆ ಅನ್ಲಿ, ನೀ ಹೋಗು, ಹೆಸರು ಮಾಡು ಅಂತ ಹೇಳಿ ಕಳಿಸೇನ್ರಿ." ಪ್ರಶ್ನೆ ಕೇಳುತ್ತಿದ್ದ ಹುಡುಗನ ಕಣ್ಣು ತೇವವಾಗಿತ್ತು. ಕಡೆಯ ಸಲ ಯಾವಾಗ ಬಂದಿದ್ದರು ಎಂದು ಕೇಳಿದ. "ವರ್ಷಾ ಪಂಚಮಿಗೆ ಬರ್ತಿದ್ಳ್ರಿ. ಸಾಯೂ ತನಕ ತಪ್ಪಿಸಿಲ್ಲ," ಎಂದ ಅಪ್ಪ. ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆತ ಅದನ್ನು ತಾನೇ ನಂಬಿಕೊಂಡಿದ್ದ. ಒಳಗೆ ಅವ್ವ ಚಹಾ ಸೋಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಆಕೆಯ ಕೈಯಿಂದ ತಾಟು ಇಸಿದುಕೊಂಡು ಹೊರಗೆ ಬಂದೆ. ಕ್ಯಾಮೆರಾದ ಹುಡುಗ, "ಮೇಡಂ, ನಿಮಗೇನಾದ್ರೂ ನೆನಪಿದೆಯಾ ಅವರದ್ದು?" ಎಂದು ಕೇಳಿದ. ಅಪ್ಪ ನನ್ನತ್ತ ನೋಡಲಿಲ್ಲ. "ನಾ ಆಗ ಭಾಳ ಸಣ್ಣಾಕಿ ಇದ್ದೆ ರೀ," ಎಂದೆ.

ಆ ವಿಡಿಯೊ ಈಗ ಎಲ್ಲರ ಫೋನಿನಲ್ಲೂ ಇದೆ. ಶಾಲೆಯ ಗೋಡೆಯ ಮೇಲೆ ಅತ್ತಿಯ ಫೋಟೊ ದೊಡ್ಡದಾಗಿ ಬಂದಿದೆ, ಹೆಸರು ತಪ್ಪಿಲ್ಲ, ಊರು ತಪ್ಪಿಲ್ಲ. ಅಣ್ಣನ ಬೆಂಬಲದಿಂದ ಸಮುದ್ರಕ್ಕೆ ಬಂದ ಹೆಣ್ಣುಮಗಳು ಎಂದು ಕೆಳಗೆ ಬರೆದಿದ್ದಾರೆಂದು ಸೌಮ್ಯ ಸಂತೋಷದಿಂದ ಹೇಳಿದಳು. ವಿಡಿಯೊದಲ್ಲಿ ಅಪ್ಪ ಮಾತಾಡುತ್ತಿರುವಾಗ ಪಕ್ಕದಿಂದ ಒಂದು ಕೈ ಬಂದು ಚಹಾದ ಕಪ್ಪನ್ನು ಸ್ಟೂಲಿನ ಮೇಲೆ ಇಟ್ಟು, ಸಪ್ಪಳವಾಗದಂತೆ ಹಿಂದಕ್ಕೆ ಸರಿಯುತ್ತದೆ. ಆ ಕೈ ನನ್ನದು.