ಮಾದಮ್ಮ ಕಂಡ ನೀಲಿ ದೀಪ

“ನೀ ಕೈ ಬುಟ್ಟು ಕುಂತ್ರೆ ಸಾಕು, ಆ ದೀಪ ಮನಿಕತದೆ ಕಣಪ್ಪ.”

ಪಹಣಿಗಾಗಿ ಮೂರನೇ ದಿನವೂ ನನ್ನ ಗುಂಡ್ಲುಪೇಟೆಯ ಸೈಬರ್ ಅಂಗಡಿಗೆ ಬಂದಿದ್ದ, ಭೀಮನಬೀಡಿನಲ್ಲಿ ಕುರಿ ಮೇಯಿಸುವ ಮಾದಮ್ಮ ಬೆರಳು ತೋರಿಸಿದ್ದು ಕಂಪ್ಯೂಟರಿಗೆ ಚುಚ್ಚಿದ್ದ, ನೀಲಿ ದೀಪ ಮಿನುಗುವ ವೈಫೈ ಅಡಾಪ್ಟರ್ ಕಡೆಗೆ. ನೆಟ್ ಕಡಿದಾಗಲೆಲ್ಲ ನಾನು ಸಿಗ್ನಲ್ಲನ್ನು ಬೈದು, ಅದನ್ನು ಕಿತ್ತು ಮತ್ತೆ ಚುಚ್ಚುತ್ತಿದ್ದೆ. ಹೊಸ ಅಡಾಪ್ಟರ್ ತಂದೂ ಸೋತಿದ್ದೆ. ಅವರ ಮಾತು ಕೇಳಿ ಕಂಪ್ಯೂಟರಿನ ಲಿನಕ್ಸ್ ಸೆಟ್ಟಿಂಗ್ ತೆರೆದರೆ, ಕೆಲಸವಿಲ್ಲದಾಗ ವೈಫೈಯನ್ನು ಮಲಗಿಸುವ ವಿದ್ಯುತ್ ಉಳಿತಾಯದ ಆಯ್ಕೆ ಆನ್ ಆಗಿಯೇ ಇತ್ತು. ಆಫ್ ಮಾಡಿದೆ. ಹತ್ತು ನಿಮಿಷದಲ್ಲಿ ಪಹಣಿ ಕೈಗೆ ಬಂತು.

“ಇನ್ನಾರ ಓಯ್ತೀನಿ, ಕುರಿ ಕಟ್ದಂಗೇ ಅವೆ,” ಎಂದು ಅವರು ಎದ್ದರು.

ಆ ದೀಪದ ಚಾಳಿ ತಿಳಿಯುವಷ್ಟು ಹೊತ್ತು ಅವರನ್ನು ಬೆಂಚಿನ ಮೇಲೆ ಕೂರಿಸಿದ್ದು ನಾನೇ.